ಇಡಿಟಿಎ ಕರಗದೆ ಕಾಡಿದ ದಿನ

ಲ್ಯಾಬ್‌ಗೆ ಸೇರಿದ ಹೊಸತು. 0.5 ಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ದ್ರಾವಣ ಅರ್ಧ ಲೀಟರ್ ಮಾಡಿಡು, ಪಿಎಚ್ 8 ಇರಲಿ ಅಂದರು. ಲೆಕ್ಕ ಸುಲಭವಿತ್ತು. ಲ್ಯಾಬ್‌ನಲ್ಲಿದ್ದದ್ದು ಇಡಿಟಿಎಯ ಡೈಸೋಡಿಯಂ ಲವಣ, ಅಂದರೆ ಎರಡು ಸೋಡಿಯಂ ಇರುವ ರೂಪ. ಅದರ ಡೈಹೈಡ್ರೇಟ್‌ನ ಅಣುತೂಕ 372.24, ಹಾಗಾಗಿ 93 ಗ್ರಾಂ ಬೇಕು. ತೂಗಿ, 400 ಎಂಎಲ್ ನೀರಿಗೆ ಸುರಿದು, ಸ್ಟಿರರ್ ಮೇಲಿಟ್ಟೆ. ಪಿಎಚ್ ಕೊನೆಗೆ ನೋಡಿದರಾಯಿತು, ಮೊದಲು ಕರಗಲಿ ಅಂದುಕೊಂಡೆ. ತಪ್ಪಿದ್ದು ಅಲ್ಲೇ.

ಅರ್ಧ ಗಂಟೆಯಾದರೂ ಬೀಕರಿನಲ್ಲಿ ಸುಣ್ಣ ಕದಡಿದ ಹಾಗೆ ಬಿಳಿ ನೀರು. ಸ್ಟಿರರ್ ನಿಲ್ಲಿಸಿದರೆ ಪುಡಿಯೆಲ್ಲ ತಳಕ್ಕೆ ಕೂರುತ್ತಿತ್ತು. ವೇಗ ಜಾಸ್ತಿ ಮಾಡಿದೆ, ಬಿಸಿಯನ್ನೂ ಮಾಡಿದೆ, ಸ್ವಲ್ಪ ಕರಗಿದಂತೆ ಕಂಡಿತು, ಅಷ್ಟೇ. ನೀರು ಸುರಿಯುತ್ತಾ ಹೋಗೋಣ ಅಂದರೆ ಸಾಂದ್ರತೆ ಕೆಡುತ್ತದೆ. ಕೊನೆಗೆ ಸೀನಿಯರ್ ಒಬ್ಬರು ಬಂದು ನೋಡಿ, "ಪಿಎಚ್ ಎಷ್ಟಿದೆ?" ಅಂತ ಮಾತ್ರ ಕೇಳಿದರು. 5ಕ್ಕಿಂತ ಕೆಳಗಿತ್ತು.

ಕಲಕಿದರೆ ಬೇಗ ಕರಗುತ್ತದೆ, ನಿಜ, ಆದರೆ ಒಟ್ಟು ಎಷ್ಟು ಕರಗಬಹುದು ಅನ್ನುವ ಮಿತಿ ಬದಲಾಗುವುದಿಲ್ಲ ಅಲ್ವಾ? ಈ ಲವಣ ತಣ್ಣನೆಯ ನೀರಿನಲ್ಲಿ 100 ಎಂಎಲ್‌ಗೆ ಸುಮಾರು 10 ಗ್ರಾಂ ಕರಗುತ್ತದೆ. ನಾನು ಹಾಕಿದ್ದು ಅಷ್ಟೇ ನೀರಿಗೆ 23 ಗ್ರಾಂನಷ್ಟು! ಡೈಸೋಡಿಯಂ ರೂಪದಲ್ಲಿ, ಬಿಟ್ಟುಕೊಡಬಹುದಾದ ಎರಡು ಪ್ರೋಟಾನ್ ಅಣುವಿನಲ್ಲಿ ಇನ್ನೂ ಉಳಿದಿರುತ್ತವೆ. ಕ್ಷಾರ ಹಾಕಿದರೆ ಅದರಲ್ಲಿ ಒಂದು ಕಳಚಿಕೊಳ್ಳುತ್ತದೆ, ಅಣುವಿನ ಋಣ ಚಾರ್ಜ್ ಹೆಚ್ಚುತ್ತದೆ, ಆಗ ನೀರಿನ ಅಣುಗಳು ಅದನ್ನು ಇನ್ನೂ ಬಿಗಿಯಾಗಿ ಸುತ್ತುವರಿದು ಹರಳಿನಿಂದ ಎಳೆದುಕೊಳ್ಳುತ್ತವೆ.

ಸರಿ, ಕ್ಷಾರವಾದ ಸೋಡಿಯಂ ಹೈಡ್ರಾಕ್ಸೈಡ್ ಪೆಲೆಟ್ (ಪುಟ್ಟ ಗುಳಿಗೆ) ತಂದು ನಾಲ್ಕೈದು ಹಾಕುವುದು, ಅವು ಕರಗುವ ತನಕ ಕಾಯುವುದು, ಮತ್ತೆ ಹಾಕುವುದು, ಹೀಗೇ ನಡೆಯಿತು. ಒಟ್ಟು 10 ಗ್ರಾಂ ಆಸುಪಾಸು ಹಿಡಿಯಿತು. ಪಿಎಚ್ 7 ದಾಟಿದ ಮೇಲೆ ಬಿಳುಪು ಬೀಕರಿನ ಅಂಚಿನಿಂದ ತೆಳ್ಳಗಾಗುತ್ತಾ ಬಂತು. 8ರ ಹತ್ತಿರ ಬರುವಷ್ಟರಲ್ಲಿ ಬೀಕರಿನ ಆಚೆಗಿದ್ದ ಬಾಟಲಿಯ ಲೇಬಲ್ ಓದಬಹುದಿತ್ತು.

ಆದರೆ ಪೆಲೆಟ್ ಕರಗುವಾಗ ಶಾಖ ಬರುತ್ತದೆ, ಬೀಕರ್ ಮುಟ್ಟಿದರೆ ಗೊತ್ತಾಗುತ್ತದೆ. ಬಿಸಿಯಲ್ಲಿ ಓದಿದ ಪಿಎಚ್ ತಣ್ಣಗಾದ ಮೇಲೆ ಅದೇ ಇರುವುದಿಲ್ಲ. ಹಾಗಾಗಿ ತಣಿಸಿ, ಮತ್ತೆ ಪಿಎಚ್ ಸರಿಮಾಡಿ, ಆಮೇಲೆ 500 ಎಂಎಲ್ ಗೆರೆಗೆ ನೀರು ತುಂಬಿಸಿದೆ.

ನಾಲ್ಕು ಸೋಡಿಯಂ ಇರುವ ಟೆಟ್ರಾಸೋಡಿಯಂ ಲವಣ ತಂದರೆ ಈ ರಗಳೆಯೇ ಇಲ್ಲ, ಸುಮ್ನೆ ಕರಗುತ್ತದೆ. ಆದರೆ ಅದರ ಪಿಎಚ್ 11ರ ಹತ್ತಿರ ಇರುತ್ತದೆ, ಆಮ್ಲ ಹಾಕಿ ಇಳಿಸಬೇಕು. ನಾನು ಈಗಲೂ ಡೈಸೋಡಿಯಂ ಲವಣವನ್ನೇ ಬಳಸುತ್ತೇನೆ, ಪೆಲೆಟ್ ಡಬ್ಬಿ ಮೊದಲೇ ಪಕ್ಕದಲ್ಲಿರುತ್ತದೆ.