ಪೋರ್ಟ್ ಫಾರ್ವರ್ಡ್ ಕೆಲಸ ಮಾಡ್ತಿಲ್ವಾ? ಮೊದಲು ಐಪಿ ನೋಡಿ

ಹಳೇ ಲ್ಯಾಪ್‌ಟಾಪಿನಲ್ಲಿ ಮನೆಯ ಫೋಟೋಗಳಿಗೆಂದು ಒಂದು ಸರ್ವರ್ ಮಾಡಿಕೊಂಡೆ. ಮನೆಯೊಳಗೆ ಚೆನ್ನಾಗಿ ಓಡುತ್ತಿತ್ತು. ಹೊರಗಿನಿಂದ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನಿಂದ ಬರುವ ಸಂಪರ್ಕವನ್ನು ಒಳಗಿನ ಸರ್ವರಿಗೆ ದಾಟಿಸು ಅಂತ ರೂಟರಿಗೆ ಹೇಳಿಡೋದು, ಮಾಡೋಕೆ ಎರಡು ಭಾನುವಾರ ರೂಟರ್ ಸೆಟ್ಟಿಂಗ್ ಕೆದಕಿದ್ದೇ ಬಂತು.

ತಪ್ಪು ರೂಟರಿನದ್ದಲ್ಲ. ನೀವೂ ಒಮ್ಮೆ ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದರ ಮೊದಲ ಭಾಗ 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. ಅಂದರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ. ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಗೇಟ್, ಸೆಕ್ಯುರಿಟಿಯವನಿಗೆ ನಿಮ್ಮ ಫ್ಲಾಟ್ ನಂಬರೇ ಗೊತ್ತಿಲ್ಲ ಅಂದ ಹಾಗೆ. ನೀವು ಎಷ್ಟು ಪೋರ್ಟ್ ತೆರೆದರೂ ಸುಮ್ನೆ.

ಜಾಸ್ತಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ಪಬ್ಲಿಕ್ ವಿಳಾಸ, ಕೇಳಬಹುದು. ನಾನು ಟೇಲ್‌ಸ್ಕೇಲ್ ಹಾಕಿಕೊಂಡೆ; ಎಲ್ಲೇ ಇದ್ದರೂ ನಮ್ಮ ಸಾಧನಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಆ್ಯಪ್ ಅದು. ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಒಂದೇ ಅಕೌಂಟಿನಿಂದ ಲಾಗಿನ್, ಅಷ್ಟೇ. ಪೋರ್ಟ್ ತೆರೆಯುವ ಗೋಜೇ ಇಲ್ಲ.

ಆದರೆ ಆ ಅಕೌಂಟೇ ಈಗ ಮನೆಯ ಬೀಗದ ಕೈ. ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಫೋನಿನಲ್ಲೇ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಫೋನ್ ಕಳೆದ ದಿನ ಅದೂ ಹೋಯ್ತು, ಅಲ್ವಾ?