ಕೊಳೆ ಔಷಧಿಯಲ್ಲಿ ಅದ್ದಿದ ಕತ್ತಿ

ಹತ್ತನೇ ಕ್ಲಾಸಿನಲ್ಲಿ ನಾನು ಉರು ಹೊಡೆದದ್ದು ಇಷ್ಟೇ: ಆಕ್ಸಿಜನ್ ಸೇರಿದರೆ ಉತ್ಕರ್ಷಣ, ಬಿಟ್ಟುಹೋದರೆ ಅಪಕರ್ಷಣ. ಮೆಗ್ನೀಸಿಯಂ ಪಟ್ಟಿ ಉರಿಯುವಷ್ಟಕ್ಕೆ ಅದು ಸಾಕಿತ್ತು. ಪಿಯುಸಿ ಟೆಸ್ಟಿನಲ್ಲಿ ಕಬ್ಬಿಣ ಮತ್ತು ಕಾಪರ್ ಸಲ್ಫೇಟ್ ಕ್ರಿಯೆ ಬಂತು. ಸಲ್ಫೇಟಿನ ಆಕ್ಸಿಜನ್ ಕಬ್ಬಿಣಕ್ಕೆ ಹೋಯಿತು ಅಂತ ಏನೋ ಗೀಚಿದೆ. ಸೊನ್ನೆ.

ಮಳೆಗಾಲದಲ್ಲಿ ಊರಿಗೆ ಹೋದಾಗ ಅಡಿಕೆಗೆ ಕೊಳೆರೋಗ ಬಾರದಂತೆ ಕೊಳೆ ಔಷಧಿ ಹೊಡೆಸುತ್ತಿದ್ದರು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು (ಅದೇ ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ. ಬೇರೆ ಬೇರೆ ಕದಡಿ ಬೆರೆಸಿದ ಮೇಲೆ ಅಪ್ಪ ಉಜ್ಜಿದ ಕತ್ತಿಯೊಂದನ್ನು ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ತೆಗೆದರೆ ಅಲಗೆಲ್ಲ ಕೆಂಪು.

"ಸುಣ್ಣ ಸಾಲಲಿಲ್ಲ. ಇನ್ನೊಂದು ಚೊಂಬು ತಗೊಂಡು ಬಾರೋ."

ಚಿಕ್ಕಂದಿನಿಂದ ನೋಡಿದ್ದೆ, ತುಕ್ಕು ಅಂದುಕೊಂಡಿದ್ದೆ. ಒಂದೆರಡು ನಿಮಿಷಕ್ಕೆ ತುಕ್ಕು ಹಿಡಿಯುತ್ತದಾ? ಹತ್ತಿರ ಹಿಡಿದು ನೋಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆಯ ಬಣ್ಣ. ತಾಮ್ರ!

ನೀರಿನಲ್ಲಿದ್ದಾಗ ತಾಮ್ರ +2, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನು; ಅಲಗಿನ ಮೇಲೆ ಕೂತಾಗ 0. ಅಂದರೆ ಎರಡು ಎಲೆಕ್ಟ್ರಾನ್ ಎಲ್ಲಿಂದಲೋ ಸಿಕ್ಕಿವೆ. ಕೊಟ್ಟದ್ದು ಕತ್ತಿಯ ಕಬ್ಬಿಣ. ಅದು +2 ಆಗಿ ನೀರಿಗೆ ಇಳಿದಿದೆ. ಸಲ್ಫೇಟ್ ಸುಮ್ನೆ ಇದೆ, ಅದರ ಒಂದು ಆಕ್ಸಿಜನ್ನೂ ಕದಲಿಲ್ಲ. ಸುಣ್ಣ ಸರಿಯಾಗಿ ಬಿದ್ದರೆ ತಾಮ್ರ ನೀರಿನಲ್ಲಿ ಕರಗದ ಹೈಡ್ರಾಕ್ಸೈಡ್ ಆಗುತ್ತದೆ, ಕತ್ತಿಯಿಂದ ಎಲೆಕ್ಟ್ರಾನ್ ಕೀಳಲು ಬಿಡಿ ಅಯಾನು ಉಳಿಯುವುದಿಲ್ಲ. ಉಳಿದರೆ ಎಳೆಕಾಯಿ ಸುಡುತ್ತದೆ, ಅಪ್ಪನ ಚಿಂತೆ ಅದು.

ಆಮೇಲೆ ಹೆಸರುಗಳ ಗೊಂದಲವೂ ಹೋಯಿತು. ಎಲೆಕ್ಟ್ರಾನ್ ಪಡೆದದ್ದಕ್ಕೆ ಇಂಗ್ಲಿಷಿನಲ್ಲಿ ರಿಡಕ್ಷನ್, ಅಂದರೆ ಇಳಿಕೆ, ಅನ್ನುವುದು ನನಗೆ ಉಲ್ಟಾ ಕಾಣುತ್ತಿತ್ತು. ಕನ್ನಡದಲ್ಲಿ ಉತ್ಕರ್ಷ ಅಂದರೆ ಏರುವುದು, ಅಪಕರ್ಷ ಅಂದರೆ ಇಳಿಯುವುದು. ಎಣಿಸಬೇಕಾದದ್ದು ಎಲೆಕ್ಟ್ರಾನನ್ನಲ್ಲ, ಧಾತುವಿನ ತಲೆಯ ಮೇಲೆ ಬರೆಯುವ +2, 0 ಥರದ ಸಂಖ್ಯೆಯನ್ನು. ಕಬ್ಬಿಣ 0ಯಿಂದ +2ಕ್ಕೆ ಏರಿತು, ತಾಮ್ರ +2ರಿಂದ 0ಗೆ ಇಳಿಯಿತು. ಈಗಲೂ ಯಾವ ಸಮೀಕರಣ ಸಿಕ್ಕರೂ ಮೊದಲು ಪೆನ್ಸಿಲಿನಲ್ಲಿ ಈ ಸಂಖ್ಯೆ ಬರೆದು, ಬದಲಾಗದ್ದನ್ನೆಲ್ಲ ಹೊಡೆದುಹಾಕುತ್ತೇನೆ. ಉತ್ಕರ್ಷಣಕಾರಿ ಅನ್ನುವ ಪದದಲ್ಲಿ ಮಾತ್ರ ಇನ್ನೂ ಎಡವುತ್ತೇನೆ. ಇನ್ನೊಂದನ್ನು ಏರಿಸಿ ತಾನು ಇಳಿಯುವುದು ಅದು; ಇಲ್ಲಿ ತಾಮ್ರದ ಅಯಾನು.

ಮೈಲುತುತ್ತನ್ನು ತಗಡಿನ ಬಕೆಟ್ಟಿನಲ್ಲಿ ಕರಗಿಸಲು ಹೋಗಿ ಹಿಂದೊಮ್ಮೆ ಚೆನ್ನಾಗಿ ಬೈಸಿಕೊಂಡಿದ್ದೆ. ತಗಡಿಗೆ ಬಳಿದ ಸತು ಕಬ್ಬಿಣಕ್ಕಿಂತ ಸಲೀಸಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?