ಸ್ಯಾಂಡ್‌ಬಾಕ್ಸ್ ಐಫ್ರೇಮ್‌ನಲ್ಲಿ ವರ್ಕರ್ ಓಡಿಸುವುದು ಹೇಗೆ?

ಶಿರಸಿಯ ಅಡಿಕೆ ಮಂಡಿಯೊಂದಕ್ಕೆ ನೀವು ವೆಬ್‌ಸೈಟ್ ಮಾಡಿಕೊಟ್ಟಿದ್ದೀರಿ ಅಂದುಕೊಳ್ಳಿ. ರಾಶಿ, ಚಾಲಿ, ಬೆಟ್ಟೆ ದರ ತೋರಿಸುವ ಗ್ರಾಫ್ ಬೇರೆಯವರು ಬರೆದದ್ದು. ಅದನ್ನು ಐಫ್ರೇಮ್‌ನಲ್ಲಿ (ಪುಟದೊಳಗಿನ ಇನ್ನೊಂದು ಪುಟ) ಕೂರಿಸಿ, ಅದರ ಕೈ ಕಟ್ಟುವ ಸ್ಯಾಂಡ್‌ಬಾಕ್ಸ್ ಆಟ್ರಿಬ್ಯೂಟ್ ಹಾಕಿ, ಸ್ಕ್ರಿಪ್ಟ್ ಓಡಿಸಲು ಬಿಡುವ ಅಲೋ-ಸ್ಕ್ರಿಪ್ಟ್ಸ್ ಅನುಮತಿ ಒಂದನ್ನೇ ಕೊಟ್ಟಿದ್ದೀರಿ. ಸರಿಯಾದ ಕೆಲಸವೇ. ಆದರೆ ಹಳೆಯ ದರವನ್ನೆಲ್ಲ ಲೆಕ್ಕ ಹಾಕಲು ಆ ಗ್ರಾಫ್ ಹಿನ್ನೆಲೆಯಲ್ಲಿ ವೆಬ್ ವರ್ಕರ್ (ಪುಟವನ್ನು ತಡೆಯದೆ ಪಕ್ಕದಲ್ಲಿ ಓಡುವ ಸ್ಕ್ರಿಪ್ಟ್) ಶುರು ಮಾಡಲು ಹೋದರೆ ಕ್ರೋಮ್ ತಡೆಯುತ್ತದೆ: ‘ನಲ್’ ಒರಿಜಿನ್‌ನಿಂದ ಈ ಸ್ಕ್ರಿಪ್ಟ್ ತೆಗೆದುಕೊಳ್ಳುವಂತಿಲ್ಲ.

ಒರಿಜಿನ್ ಅಂದರೆ ಪುಟ ಯಾವ ಸೈಟಿನಿಂದ ಬಂತು ಅನ್ನುವ ಗುರುತು. ಅಲೋ-ಸೇಮ್-ಒರಿಜಿನ್ (ತನ್ನ ನಿಜವಾದ ಒರಿಜಿನ್ ಉಳಿಸಿಕೊಳ್ಳುವ ಅನುಮತಿ) ಇಲ್ಲದ ಫ್ರೇಮಿಗೆ ಬ್ರೌಸರ್ ಯಾವುದಕ್ಕೂ ಹೊಂದದ ಒಂದು ಒರಿಜಿನ್ ಕೊಡುತ್ತದೆ, ಎರರ್‌ನಲ್ಲಿ ಕಂಡ ‘ನಲ್’ ಅದೇ. ವರ್ಕರ್ ಫೈಲ್ ಫ್ರೇಮಿನ ಒರಿಜಿನ್‌ನದ್ದೇ ಆಗಿರಬೇಕು ಅನ್ನುವುದು ನಿಯಮ. ಹಾಗಾಗಿ ಫೈಲ್ ಅದೇ ಸರ್ವರ್‌ನ ಅದೇ ಫೋಲ್ಡರ್‌ನಲ್ಲಿದ್ದರೂ ಅದು ಹೊರಗಿನದೇ.

ಸುಮ್ನೆ ಅಲೋ-ಸೇಮ್-ಒರಿಜಿನ್ ಸೇರಿಸಿದರೆ ಎರರ್ ಹೋಗುತ್ತೆ ಅಲ್ವಾ? ಹೋಗುತ್ತೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಫ್ರೇಮಿನ ಪುಟವೂ ನಿಮ್ಮದೇ ಡೊಮೇನ್‌ನಿಂದ ಬರುತ್ತಿದ್ದರೆ, ಎರಡೂ ಅನುಮತಿ ಸಿಕ್ಕ ಸ್ಕ್ರಿಪ್ಟ್ ಹೊರಗಿನ ಪುಟಕ್ಕೆ ಕೈಹಾಕಿ, ಸ್ಯಾಂಡ್‌ಬಾಕ್ಸ್ ಆಟ್ರಿಬ್ಯೂಟನ್ನೇ ಕಿತ್ತುಹಾಕಿ, ತನ್ನನ್ನು ರಿಲೋಡ್ ಮಾಡಿಕೊಳ್ಳಬಹುದು. ಬೇಲಿಯ ಬಾಗಿಲಿನ ಕೀಲಿಯನ್ನು ದನದ ಕೊರಳಿಗೇ ಕಟ್ಟಿದ ಹಾಗೆ.

ಬದಲಿಗೆ ಹೀಗೆ ಮಾಡಿ. ಮೊದಲು ವರ್ಕರ್‌ನ ಕೋಡನ್ನು ಫ್ರೇಮಿನ ಸ್ಕ್ರಿಪ್ಟ್‌ನಲ್ಲೇ ಒಂದು ಸ್ಟ್ರಿಂಗ್ ಆಗಿ ಇಡಿ. ಅದರಿಂದ ಬ್ಲಾಬ್ (ಬ್ರೌಸರ್ ಒಳಗೇ ಇರುವ ಫೈಲ್‌ನಂಥದ್ದು) ಮಾಡಿ, ಬ್ಲಾಬ್‌ಗೆ ಯುಆರ್‌ಎಲ್ ಪಡೆದು, ಅದನ್ನು ವರ್ಕರ್‌ಗೆ ಕೊಡಿ. ಬ್ಲಾಬ್ ಹುಟ್ಟುವುದು ಫ್ರೇಮಿನ ಒಳಗೇ ಆಗಬೇಕು, ಹೊರಗಿನ ಪುಟದಲ್ಲಿ ಮಾಡಿ ಕಳಿಸಿದ ಯುಆರ್‌ಎಲ್‌ಗೆ ಹೊರಗಿನ ಒರಿಜಿನ್ ಅಂಟಿಕೊಂಡಿರುತ್ತದೆ. ವರ್ಕರ್ ಒಳಗಿಂದ ಬೇರೆ ಸ್ಕ್ರಿಪ್ಟ್ ಕರೆಯುವುದಿದ್ದರೆ ಪೂರ್ತಿ ವಿಳಾಸ ಬರೆಯಿರಿ, ಅರ್ಧ ವಿಳಾಸ ಇಲ್ಲಿ ನಡೆಯುವುದಿಲ್ಲ. ಫ್ರೇಮಿನ ಪುಟಕ್ಕೆ ಸಿಎಸ್‌ಪಿ (ಏನನ್ನು ಎಲ್ಲಿಂದ ಲೋಡ್ ಮಾಡಬಹುದು ಅನ್ನುವ ನಿಯಮಪಟ್ಟಿ) ಇದ್ದರೆ ಅದರ ವರ್ಕರ್-ಎಸ್‌ಆರ್‌ಸಿಯಲ್ಲಿ ಬ್ಲಾಬ್‌ಗೆ ಅವಕಾಶ ಕೊಡಿ.

ಆಮೇಲೆ ಮೆಸೇಜ್. ಫ್ರೇಮಿನಿಂದ ಹೊರಗಿನ ಪುಟಕ್ಕೆ ಬರುವ ಪೋಸ್ಟ್‌ಮೆಸೇಜ್‌ನ ಒರಿಜಿನ್ ‘ನಲ್’ ಎಂದೇ ಕಾಣುತ್ತದೆ. ಇಂಥ ಯಾವ ಫ್ರೇಮಿಂದ ಬಂದರೂ ಅಷ್ಟೇ, ಹಾಗಾಗಿ ಅದನ್ನು ನಂಬಿ ಕೆಲಸ ಮಾಡುವಂತಿಲ್ಲ. ಕಳಿಸಿದವರು ನಿಮ್ಮ ಫ್ರೇಮಿನ ಕಂಟೆಂಟ್‌ವಿಂಡೋವೇ ಹೌದಾ ಅಂತ ಇವೆಂಟ್‌ನ ಸೋರ್ಸ್ ನೋಡಿ ಖಚಿತ ಮಾಡಿಕೊಳ್ಳಿ.

ನೆಟ್ ಇಲ್ಲದಾಗಲೂ ಪುಟ ತೋರಿಸಲು ಬಳಸುವ ಸರ್ವಿಸ್ ವರ್ಕರ್‌ಗೆ ಮಾತ್ರ ಈ ದಾರಿ ಇಲ್ಲ. ಅದನ್ನು ಇಂಥ ಫ್ರೇಮಿನಲ್ಲಿ ನೋಂದಾಯಿಸಲು ಆಗುವುದೇ ಇಲ್ಲ, ಬ್ಲಾಬ್ ಯುಆರ್‌ಎಲ್ ಕೊಟ್ಟರೂ ಒಪ್ಪುವುದಿಲ್ಲ. ಘಟ್ಟದ ಮೇಲೆ ಸಿಗ್ನಲ್ ಹೋದಾಗಲೂ ಗ್ರಾಫ್ ಕಾಣಬೇಕು ಅಂದರೆ, ದರದ ಮಾಹಿತಿಯನ್ನು ಹೊರಗಿನ ಪುಟ ಉಳಿಸಿಟ್ಟು ಮೆಸೇಜ್ ಮೂಲಕ ಒಳಗೆ ಕೊಡಲಿ. ಇಲ್ಲವಾದರೆ ಗ್ರಾಫನ್ನು ಪೂರ್ತಿ ಬೇರೆ ಡೊಮೇನ್‌ನಲ್ಲಿ, ಎಚ್‌ಟಿಟಿಪಿಎಸ್ ಮೇಲೆ ಇಡಿ. ಆಗ ಅಲೋ-ಸೇಮ್-ಒರಿಜಿನ್ ಕೊಟ್ಟರೂ ಅದು ಮುಟ್ಟುವುದು ತನ್ನ ಡೊಮೇನನ್ನು ಮಾತ್ರ.